ರಿಪೋರ್ಟಿನಲ್ಲಿ ಹೊಕ್ಕುಳಬಳ್ಳಿ ಬಗ್ಗೆ ಒಂದು ಸಾಲು ಇದೆ, ಹೆದರಬೇಕಾ? ಹೆರಿಗೆ ಡಾಕ್ಟರ್ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ತೆ. ನಾನು ಹೆರಿಗೆ ಮತ್ತು ಸ್ತ್ರೀರೋಗ ತಜ್ಞೆ. ಈ ವಾರ ಗುಂಪಿನಲ್ಲಿ ಹೊಕ್ಕುಳಬಳ್ಳಿ ಬಗ್ಗೆ ಮಾತಾಡೋಣ. ಸ್ಕ್ಯಾನ್ ರಿಪೋರ್ಟಿನಲ್ಲಿ ಮಗುವಿನ ಬಗ್ಗೆ ಹತ್ತು ಒಳ್ಳೆಯ ಸಾಲು ಇರುತ್ತದೆ. ಬಳ್ಳಿ ಬಗ್ಗೆ ಇರುವ ಒಂದೇ ಒಂದು ಸಾಲು ಮಾತ್ರ ರಾತ್ರಿಯಿಡೀ ತಲೆಯಲ್ಲಿ ಕೂತುಬಿಡುತ್ತದೆ. ಆ ಸಾಲನ್ನು ಇಲ್ಲಿ ಬರೆದು ಕೇಳಿ. ಆದರೆ ರಕ್ತ ಹೋಗುತ್ತಿದ್ದರೆ, ನೀರು ಒಡೆದಿದ್ದರೆ, ಮಗುವಿನ ಓಡಾಟ ಕಡಿಮೆ ಅನಿಸಿದರೆ ಇಲ್ಲಿ ಬರೆದು ಉತ್ತರಕ್ಕೆ ಕಾಯಬೇಡಿ. ಮೊದಲು ಆಸ್ಪತ್ರೆಗೆ ಹೊರಡಿ.

ಪ್ರಶ್ನೆ (21 ವಾರ, ಮೊದಲ ಬಸಿರು): ಮೇಡಂ, ಮೊನ್ನೆ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್) ಆಯಿತು. ಮಗು ಚೆನ್ನಾಗಿದೆ ಅಂದರು. ಆದರೆ ಕೊನೆಯಲ್ಲಿ "ಮಾರ್ಜಿನಲ್ ಕಾರ್ಡ್ ಇನ್ಸರ್ಷನ್, ಅಂಚಿನಿಂದ 1.2 ಸೆಂ.ಮೀ." ಅಂತ ಬರೆದಿದೆ. ನಮ್ಮ ಡಾಕ್ಟರ್ "ಮುಂದಿನ ಸ್ಕ್ಯಾನ್‌ನಲ್ಲಿ ನೋಡೋಣ" ಅಂದು ಕಳಿಸಿದರು. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಬಳ್ಳಿ ಕಿತ್ತುಕೊಂಡು ಬರುತ್ತಾ?

ಉತ್ತರ: ಇಲ್ಲಮ್ಮಾ, ಹೊಟ್ಟೆಯೊಳಗೆ ಅದು ಹಾಗೆ ಕಿತ್ತುಕೊಂಡು ಬರುವುದಿಲ್ಲ. ಇವತ್ತು ನಿದ್ದೆ ಮಾಡಿ.

ಮಾಸು ಅಂದರೆ ಪ್ಲಸೆಂಟಾ, ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುವ ಒಂದು ದಪ್ಪ ರೊಟ್ಟಿಯ ಹಾಗೆ ಇರುತ್ತದೆ. ತಿಂಗಳು ತುಂಬಿದಾಗ ಸುಮಾರು 20 ಸೆಂ.ಮೀ. ಅಗಲ, ಅರ್ಧ ಕಿಲೋ ತೂಕ. ಹೆಚ್ಚಿನವರಲ್ಲಿ ಬಳ್ಳಿ ಅದರ ನಡುವಿಗೆ ಅಥವಾ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸೇರಿರುತ್ತದೆ. ನಿಮ್ಮಲ್ಲಿ ಅದು ಅಂಚಿಗೆ ಹತ್ತಿರ ಸೇರಿದೆ. ಅಂಚಿನಿಂದ 2 ಸೆಂ.ಮೀ. ಒಳಗೆ ಇದ್ದರೆ ಮಾರ್ಜಿನಲ್ ಅಂತ ಬರೆಯುತ್ತಾರೆ. ಟೇಬಲ್ ಟೆನಿಸ್ ಬ್ಯಾಟನ್ನು ನೆನಪಿಸಿಕೊಳ್ಳಿ. ಹಿಡಿ ಬ್ಯಾಟಿನ ಅಂಚಿಗೆ ಇರುತ್ತದೆ ಅಲ್ವಾ, ಹಾಗೆ. ಇದು ಅಪರೂಪವೂ ಅಲ್ಲ. ನೂರು ಬಸುರಿಯರಲ್ಲಿ ಆರೇಳು ಜನರಿಗೆ ಹೀಗಿರುತ್ತದೆ. ಎಷ್ಟೋ ಸಲ ಹೆರಿಗೆಯಾಗಿ ಮಾಸನ್ನು ಕೈಯಲ್ಲಿ ಹಿಡಿದು ನೋಡಿದಾಗಲೇ "ಓ, ಬಳ್ಳಿ ಅಂಚಿನಲ್ಲಿತ್ತು" ಅಂತ ನಮಗೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಮಗು ಪಕ್ಕದಲ್ಲಿ ಅಳುತ್ತಿರುತ್ತದೆ.

ನಾನು ಬಳ್ಳಿ ಎಲ್ಲಿ ಸೇರಿದೆ ಅನ್ನುವುದಕ್ಕಿಂತ ಎರಡು ವಿಷಯಕ್ಕೆ ಜಾಸ್ತಿ ಗಮನ ಕೊಡುತ್ತೇನೆ. ಮುಂದಿನ ಸಲ ನಿಮ್ಮ ಡಾಕ್ಟರ್ ಹತ್ತಿರ ಇವೆರಡನ್ನೇ ಕೇಳಿ. ಒಂದು, "ಬಳ್ಳಿಯ ರಕ್ತನಾಳ ಯಾವುದಾದರೂ ಗರ್ಭಕೋಶದ ಬಾಯಿಯ ಹತ್ತಿರ ಹಾದು ಹೋಗಿದೆಯಾ?" ಎರಡು, "ಮಗು ವಾರಕ್ಕೆ ತಕ್ಕ ಹಾಗೆ ಬೆಳೀತಾ ಇದೆಯಾ?" ಮೊದಲನೆಯದಕ್ಕೆ ಕಲರ್ ಡಾಪ್ಲರ್, ಅಂದರೆ ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಸ್ಕ್ಯಾನ್, ಹಾಕಿ ನೋಡಬೇಕು. ಮಾಸು ಕೆಳಗಿದ್ದರೆ ಅಥವಾ ಸ್ವಲ್ಪ ಅನುಮಾನ ಇದ್ದರೂ ಒಳಗಿನಿಂದ, ಅಂದರೆ ಯೋನಿಯ ಮೂಲಕ, ಮಾಡುವ ಸ್ಕ್ಯಾನ್ ಬೇಕು. ಅದಕ್ಕೆ ಹಿಂಜರಿಯಬೇಡಿ, ಅದರಿಂದ ಮಗುವಿಗೆ ಏನೂ ಆಗುವುದಿಲ್ಲ. ಎರಡನೆಯದಕ್ಕೆ 32 ವಾರದ ಸುಮಾರಿಗೆ ಒಂದು ಗ್ರೋತ್ ಸ್ಕ್ಯಾನ್. ಎರಡಕ್ಕೂ ಒಳ್ಳೆಯ ಉತ್ತರ ಬಂದರೆ, ನಿಮ್ಮ ಹೆರಿಗೆಯನ್ನು ಬೇರೆ ಯಾರ ಹೆರಿಗೆಗಿಂತ ಬೇರೆಯಾಗಿ ನೋಡುವ ಕಾರಣ ನನಗಂತೂ ಇಲ್ಲ.

ಅದೇ ಸದಸ್ಯೆ: ತುಂಬಾ ಥ್ಯಾಂಕ್ಸ್ ಮೇಡಂ. ಇನ್ನೊಂದು ಮಾತು. ಶುರುವಿನಲ್ಲಿ ನಾನು ತುಂಬಾ ಓಡಾಡಿದೆ, ಅದಕ್ಕೇ ಹೀಗಾಯ್ತು ಅಂತ ಮನೆಯಲ್ಲಿ ಅಂತಾರೆ. ಈಗ ಮಲಗಿಯೇ ಇದ್ದರೆ ಬಳ್ಳಿ ನಡುವಿಗೆ ಬರುತ್ತಾ?

ಉತ್ತರ: ನಿಮ್ಮ ಓಡಾಟದಿಂದ ಆಗಿದ್ದಲ್ಲ. ಇದನ್ನು ಮನೆಯವರಿಗೂ ಓದಿ ಹೇಳಿ. ಬಳ್ಳಿ ಸೇರುವ ಜಾಗ ಬಸಿರಿನ ಮೊದಲ ವಾರಗಳಲ್ಲೇ ನಿರ್ಧಾರ ಆಗಿಬಿಟ್ಟಿರುತ್ತದೆ. ಆಮೇಲೆ ಮಾಸು ಗರ್ಭಕೋಶದಲ್ಲಿ ರಕ್ತ ಚೆನ್ನಾಗಿ ಸಿಗುವ ಕಡೆಗೆ ಬೆಳೆಯುತ್ತದೆ, ಸಿಗದ ಕಡೆ ಸವೆಯುತ್ತದೆ. ಗಿಡ ಬೆಳಕಿನ ಕಡೆ ವಾಲಿದ ಹಾಗೆ. ಬಳ್ಳಿಯ ಬುಡ ಇದ್ದಲ್ಲೇ ಇರುತ್ತದೆ, ಅದರ ಸುತ್ತಲಿನ ಮಾಸು ಬದಲಾಗುತ್ತದೆ. ಅದಕ್ಕೇ ಒಮ್ಮೊಮ್ಮೆ ಅಂಚಿನಲ್ಲಿದ್ದ ಬಳ್ಳಿ ಮುಂದೆ ಅಂಚು ದಾಟಿ ಪೊರೆಯ ಮೇಲೆ ನಿಂತ ಹಾಗೆ ಕಾಣುವುದೂ ಉಂಟು. 32 ವಾರಕ್ಕೆ ಮತ್ತೆ ನೋಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಮಲಗಿ ಇದನ್ನು ಸರಿಮಾಡಲು ಬರುವುದಿಲ್ಲ. ಸುಮ್ನೆ ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಬೇರೆ. ನಡೆಯಿರಿ, ಕೆಲಸ ಮಾಡಿ. ಬೇರೆ ಕಾರಣಕ್ಕೆ ನಿಮ್ಮ ಡಾಕ್ಟರ್ ಬೇಡ ಅಂದಿದ್ದರೆ ಮಾತ್ರ ನಿಲ್ಲಿಸಿ.

ಪ್ರಶ್ನೆ (27 ವಾರ, ಐವಿಎಫ್): ಡಾಕ್ಟ್ರೇ, ನನ್ನ ರಿಪೋರ್ಟಿನಲ್ಲಿ ಮಾರ್ಜಿನಲ್ ಅಲ್ಲ, ವೆಲಮೆಂಟಸ್ ಅಂತಿದೆ. ಮೊದಲು ಮಾಸು ಕೆಳಗಿತ್ತು, ಈಗ ಮೇಲೆ ಹೋಗಿದೆ ಅಂದರು. ಹಾಗಾದರೆ ಅಪಾಯ ಹೋಯ್ತಾ? ಹುಡುಕಿ ನೋಡಿದರೆ ವಾಸಾ ಪ್ರೀವಿಯಾ ಅಂತ ಏನೇನೋ ಬರುತ್ತೆ. ಓದಲಿಕ್ಕೇ ಆಗಲಿಲ್ಲ.

ಉತ್ತರ: ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು. ನಿಧಾನವಾಗಿ ಓದಿ.

ಬಳ್ಳಿಯೊಳಗೆ ಮೂರು ರಕ್ತನಾಳ ಇರುತ್ತವೆ. ಅವುಗಳ ಸುತ್ತ ಬಿಳಿಯ, ಜಾರುವ, ರಬ್ಬರಿನ ಹಾಗೆ ಬಾಗುವ ಜೆಲ್ಲಿ ತುಂಬಿರುತ್ತದೆ. 1656ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ ಹೆಸರಿನಲ್ಲೇ ಇದಕ್ಕೆ ವಾರ್ಟನ್ ಜೆಲ್ಲಿ ಅನ್ನುತ್ತೇವೆ. ಮಗು ಒದ್ದರೂ, ಹಿಡಿದು ಹಿಂಡಿದರೂ ರಕ್ತನಾಳ ಒತ್ತಿಹೋಗದ ಹಾಗೆ ಕಾಯುವುದು ಇದೇ. ವೆಲಮೆಂಟಸ್‌ನಲ್ಲಿ ಬಳ್ಳಿ ಮಾಸನ್ನು ಮುಟ್ಟುವ ಮೊದಲೇ ಪೊರೆಯ ಮೇಲೆ ಮುಗಿದುಬಿಡುತ್ತದೆ. ಅಲ್ಲಿಂದ ರಕ್ತನಾಳಗಳು ಜೆಲ್ಲಿ ಇಲ್ಲದೆ, ಬರೀ ಪೊರೆಯ ಮೇಲೆ ಹರಡಿಕೊಂಡು ಮಾಸು ಸೇರುತ್ತವೆ. ಹೆರಿಗೆ ಆದ ಮೇಲೆ ಇಂಥ ಮಾಸನ್ನು ಎತ್ತಿ ದೀಪಕ್ಕೆ ಹಿಡಿದರೆ ಪೊರೆಯ ಆಚೆಯ ಬೆಳಕು ಕಾಣುತ್ತದೆ. ಆ ತೆಳು ಪೊರೆಯ ಮೇಲೆ ಕೆಂಪು ನೀಲಿ ಗೆರೆಗಳು ಮರದ ಬೇರಿನ ಹಾಗೆ ಓಡಿರುತ್ತವೆ. ಬೆರಳಿಟ್ಟರೆ ಅವು ಎಷ್ಟು ಅನಾಥವಾಗಿವೆ ಅಂತ ಗೊತ್ತಾಗುತ್ತದೆ. ನಾನು ಹೊಸದಾಗಿ ಕಲಿಯಲು ಬಂದ ಪ್ರತಿ ಡಾಕ್ಟರಿಗೂ ಅದನ್ನು ಒಮ್ಮೆ ಮುಟ್ಟಿಸುತ್ತೇನೆ.

ಒಂದೇ ಮಗು ಇರುವ ಬಸಿರಿನಲ್ಲಿ ಇದು ನೂರಕ್ಕೆ ಒಬ್ಬರಲ್ಲಿ. ಅವಳಿಯಲ್ಲಿ ಜಾಸ್ತಿ. ಐವಿಎಫ್ ಆದವರಲ್ಲೂ ಜಾಸ್ತಿ. ಆ ರಕ್ತನಾಳಗಳು ಗರ್ಭಕೋಶದ ಮೇಲ್ಭಾಗದಲ್ಲೋ ಪಕ್ಕದಲ್ಲೋ ಇದ್ದರೆ ನಾವು ಮಗುವಿನ ಬೆಳವಣಿಗೆ ನೋಡಿಕೊಂಡು ಹೋಗುತ್ತೇವೆ. ಅವು ಗರ್ಭಕೋಶದ ಬಾಯಿಯ ಮೇಲೆ ಅಥವಾ ತೀರಾ ಹತ್ತಿರ, ಸುಮಾರು 2 ಸೆಂ.ಮೀ. ಒಳಗೆ, ಹಾದು ಹೋಗಿದ್ದರೆ ಅದಕ್ಕೆ ವಾಸಾ ಪ್ರೀವಿಯಾ ಅನ್ನುತ್ತೇವೆ. ಆಗ ಮಾತು ಬೇರೆ. ನೀರಿನ ಚೀಲ ಒಡೆದರೆ ಅದರ ಜೊತೆಗೆ ರಕ್ತನಾಳವೂ ಹರಿಯಬಹುದು. ಹರಿದರೆ ಹೋಗುವುದು ತಾಯಿಯ ರಕ್ತ ಅಲ್ಲ, ಮಗುವಿನ ರಕ್ತ. ತಿಂಗಳು ತುಂಬಿದ 3 ಕಿಲೋ ಮಗುವಿನ ಮೈಯಲ್ಲಿ ಇರುವ ಒಟ್ಟು ರಕ್ತವೇ 250ರಿಂದ 300 ಮಿ.ಲೀ. ಒಂದು ಲೋಟದಷ್ಟು. ದೊಡ್ಡವರಿಗೆ ಲೆಕ್ಕಕ್ಕೇ ಬಾರದ ರಕ್ತಸ್ರಾವ ಮಗುವಿನ ಜೀವಕ್ಕೇ ಬರುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ, ಮುಂದೆ ಓದಿ. ಇದು ಮೊದಲೇ ಗೊತ್ತಾದರೆ ತಪ್ಪಿಸಲು ಬರುವ ಅಪಾಯ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 155 ವಾಸಾ ಪ್ರೀವಿಯಾ ಪ್ರಕರಣಗಳನ್ನು ಒಟ್ಟಿಗೆ ನೋಡಿದರು. ಹೆರಿಗೆಗೆ ಮೊದಲೇ ಸ್ಕ್ಯಾನ್‌ನಲ್ಲಿ ಗೊತ್ತಾಗಿದ್ದ ಮಕ್ಕಳಲ್ಲಿ ನೂರಕ್ಕೆ 97 ಬದುಕಿದವು. ಗೊತ್ತಾಗದೆ ಹೋದವುಗಳಲ್ಲಿ ಬದುಕಿದ್ದು ನೂರಕ್ಕೆ 44 ಮಾತ್ರ. ಎರಡರ ನಡುವೆ ಇದ್ದ ವ್ಯತ್ಯಾಸ ಒಂದು ಸ್ಕ್ಯಾನ್. ನಾನು ಇದರ ಬಗ್ಗೆ ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಈಗ ನಿಮ್ಮ ಮಾಸಿನ ವಿಷಯ. "ಮೇಲೆ ಹೋಗಿದೆ" ಅಂದಾಗ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಅದು ಒಳ್ಳೆಯದೇ. ಆದರೆ ಮಾಸು ಮೇಲೆ ಹೋಗುವಾಗ ಕೆಲವು ರಕ್ತನಾಳ ಕೆಳಗೇ ಉಳಿದುಬಿಡಬಹುದು. ಕೆಳಗಿನ ಮಾಸು ಸವೆದು ಹೋಗುತ್ತದೆ, ನಾಳ ಹೋಗುವುದಿಲ್ಲ. ಹಾಗಾಗಿ ಶುರುವಿನಲ್ಲಿ ಮಾಸು ಕೆಳಗಿದ್ದವರಿಗೆ, ವೆಲಮೆಂಟಸ್ ಇರುವವರಿಗೆ, ಮಾಸು ಎರಡು ತುಂಡಾಗಿ ಇರುವವರಿಗೆ ನಾನು ಒಳಗಿನಿಂದ ಕಲರ್ ಡಾಪ್ಲರ್ ಸ್ಕ್ಯಾನ್ ಮಾಡಿಸದೆ ಬಿಡುವುದಿಲ್ಲ. ನಿಮಗೆ ಅದು ಆಗಿದೆಯಾ ಅಂತ ನಾಳೆಯೇ ಕೇಳಿ. ಆಗಿಲ್ಲ ಅಂದರೆ ಮಾಡಿಸಿ. ಬಾಯಿಯ ಹತ್ತಿರ ನಾಳ ಇಲ್ಲ ಅಂತ ಸ್ಪಷ್ಟವಾಗಿ ರಿಪೋರ್ಟಿನಲ್ಲಿ ಬರೆದಿರಬೇಕು. ಬಾಯಿಮಾತು ಸಾಲದು.

ಅದೇ ಸದಸ್ಯೆ: ಒಂದು ವೇಳೆ ಇದೆ ಅಂತ ಬಂದರೆ?

ಉತ್ತರ: ಬಂದರೆ ನಾವು ಅವಸರ ಮಾಡುವುದಿಲ್ಲ, ತಡವನ್ನೂ ಮಾಡುವುದಿಲ್ಲ. ಮೊದಲು 32 ವಾರದ ಹತ್ತಿರ ಮತ್ತೊಮ್ಮೆ ನೋಡುತ್ತೇವೆ. ಗರ್ಭಕೋಶದ ಕೆಳಭಾಗ ಹಿಗ್ಗುವುದರಿಂದ ಕೆಲವರಲ್ಲಿ ನಾಳ ಬಾಯಿಯಿಂದ ದೂರ ಸರಿದಿರುತ್ತದೆ. ಸರಿಯದಿದ್ದರೆ ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ. 30 ವಾರ ದಾಟಿದ ಮೇಲೆ ಕೆಲವರನ್ನು ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತೇವೆ. ನೋವು ಶುರುವಾಗುವ ಮೊದಲೇ, ಸಾಮಾನ್ಯವಾಗಿ 34ರಿಂದ 36 ವಾರದ ನಡುವೆ, ಸಿಸೇರಿಯನ್ ಮಾಡುತ್ತೇವೆ. ಎಲ್ಲಿ ಹೆರಿಗೆ ಅನ್ನುವುದನ್ನೂ ಮೊದಲೇ ತೀರ್ಮಾನಿಸಬೇಕು. ಎಳೆಯ ಮಗುವನ್ನು ನೋಡಿಕೊಳ್ಳುವ ಎನ್‌ಐಸಿಯು ಮತ್ತು ತಕ್ಷಣ ರಕ್ತ ಸಿಗುವ ಆಸ್ಪತ್ರೆಯೇ ಆಗಬೇಕು. ಮಧ್ಯದಲ್ಲಿ ಎಂದಾದರೂ ನೋವಿಲ್ಲದೆ ರಕ್ತ ಕಂಡರೆ, ಒಂದು ಚಮಚದಷ್ಟಿದ್ದರೂ, ಹೊರಡಿ. ಬಾಗಿಲಲ್ಲೇ "ವಾಸಾ ಪ್ರೀವಿಯಾ" ಅನ್ನುವ ಮಾತು ಮೊದಲು ಹೇಳಿ. ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಗಾಬರಿಯಲ್ಲಿ ಆ ಹೆಸರು ನಾಲಿಗೆಗೆ ಬರುವುದಿಲ್ಲ.

ಪ್ರಶ್ನೆ (ಒಬ್ಬ ತಂದೆ, ಹೆಂಡತಿಗೆ 36 ವಾರ): ಮೇಡಂ, ನಿನ್ನೆಯ ಸ್ಕ್ಯಾನ್‌ನಲ್ಲಿ ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಒಂದು ಸುತ್ತು ಸುತ್ತಿಕೊಂಡಿದೆ ಅಂತ ಇದೆ. ಮನೆಯಲ್ಲಿ ಎಲ್ಲರೂ ತಕ್ಷಣ ಆಪರೇಷನ್ ಮಾಡಿಸಿಬಿಡಿ ಅಂತಿದ್ದಾರೆ. ಡಾಕ್ಟರ್ ಮಾತ್ರ ನಾರ್ಮಲ್‌ಗೆ ಕಾಯೋಣ ಅಂತಾರೆ. ಉಸಿರು ಕಟ್ಟಿದರೆ ಏನು ಮಾಡೋದು?

ಉತ್ತರ: ನೋಡಿ ಸರ್, ನಿಮ್ಮ ಡಾಕ್ಟರ್ ಹೇಳಿದ್ದು ಸರಿ. ಹೊಟ್ಟೆಯೊಳಗಿನ ಮಗು ಮೂಗು, ಗಂಟಲಿನಿಂದ ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಬಳ್ಳಿಯೊಳಗಿನ ರಕ್ತದಲ್ಲಿ ಬರುತ್ತದೆ. ಕುತ್ತಿಗೆಗೆ ಹಗ್ಗ ಸುತ್ತಿ ಉಸಿರುಗಟ್ಟುವ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ, ಅದೇ ಹೆದರಿಸುವುದು. ಒಳಗೆ ಹಾಗಿಲ್ಲ. ಬಳ್ಳಿಯೊಳಗಿನ ರಕ್ತದ ಓಟ ನಿಂತರೆ ಮಾತ್ರ ತೊಂದರೆ. ಸಡಿಲವಾದ ಒಂದು ಸುತ್ತಿನಿಂದ ಓಟ ನಿಲ್ಲುವುದಿಲ್ಲ.

ಬಳ್ಳಿ 50ರಿಂದ 60 ಸೆಂ.ಮೀ. ಉದ್ದ. ಮಗು ಅದೇ ನೀರಿನಲ್ಲಿ ತಿರುಗುತ್ತಾ, ಹೊರಳುತ್ತಾ ಇರುತ್ತದೆ. ಸುತ್ತಿಕೊಳ್ಳುತ್ತದೆ, ಬಿಡಿಸಿಕೊಳ್ಳುತ್ತದೆ. ಹುಟ್ಟುವ ಹೊತ್ತಿಗೆ ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಕುತ್ತಿಗೆಯ ಸುತ್ತ ಬಳ್ಳಿ ಇರುತ್ತದೆ. ತಲೆ ಹೊರಗೆ ಬಂದ ಕೂಡಲೇ ನಾವು ಕುತ್ತಿಗೆಯ ಮೇಲೆ ಒಂದು ಬೆರಳು ಆಡಿಸಿ ನೋಡುತ್ತೇವೆ. ಬಳ್ಳಿ ಸಿಕ್ಕಿದರೆ ಬೆರಳಿನಲ್ಲಿ ಎತ್ತಿ, ಸರ ತೆಗೆದ ಹಾಗೆ ತಲೆಯ ಮೇಲಿಂದ ತೆಗೆಯುತ್ತೇವೆ. ಐದು ಸೆಕೆಂಡಿನ ಕೆಲಸ. ಪಕ್ಕದಲ್ಲಿ ನಿಂತವರಿಗೆ ಗೊತ್ತೂ ಆಗುವುದಿಲ್ಲ. ಈ ಒಂದು ಸಾಲಿಗೋಸ್ಕರ ಹೊಟ್ಟೆ ಕೊಯ್ಯಬೇಕಾಗಿಲ್ಲ.

ಆದರೆ ಒಂದು ಮಾತು ಮುಚ್ಚಿಡುವುದಿಲ್ಲ. ಬಿಗಿಯಾಗಿ ಎರಡು ಮೂರು ಸುತ್ತು ಇದ್ದರೆ, ನೋವು ಬರುವಾಗ ಬಳ್ಳಿ ಒತ್ತಿ ಮಗುವಿನ ಎದೆಬಡಿತ ಒಂದಿಷ್ಟು ಹೊತ್ತು ಕೆಳಗಿಳಿಯಬಹುದು. ಹೆಚ್ಚಿನ ಸಲ ನೋವು ಇಳಿದಾಗ ತಾನಾಗಿ ಮೇಲೆ ಬರುತ್ತದೆ. ತಾಯಿಯನ್ನು ಪಕ್ಕಕ್ಕೆ ಹೊರಳಿಸಿದರೂ ಸರಿಹೋಗುತ್ತದೆ. ಸರಿಹೋಗದೆ ಪದೇ ಪದೇ ಇಳಿಯುತ್ತಿದ್ದರೆ ಆಗ ಸಿಸೇರಿಯನ್ ಮಾತು ಬರುತ್ತದೆ. ಹಾಗಾಗಿ ನೀವು ಕೇಳಬೇಕಾದ್ದು, "ಹೆರಿಗೆ ಹೊತ್ತಿನಲ್ಲಿ ಎದೆಬಡಿತ ಬಿಡದೆ ನೋಡುತ್ತೀರಾ?" ಅಂತ. ನಿಮ್ಮ ಹೆಂಡತಿ ಗಮನ ಇಡಬೇಕಾದ್ದು ಮಗುವಿನ ಓಟ ಒದೆತದ ಮೇಲೆ. ಆ ಸಾಲನ್ನು ದಿನಾ ಓದಬೇಡಿ ಅಂತ ನನ್ನ ಕಡೆಯಿಂದ ಅವರಿಗೆ ಹೇಳಿ.

ಪ್ರಶ್ನೆ (ಬಸುರಿ ಹೆಣ್ಣುಮಗಳ ತಾಯಿ): ಡಾಕ್ಟ್ರಮ್ಮಾ, ಮಗಳು ಬಟ್ಟೆ ಒಣಹಾಕಲು ಕೈ ಮೇಲೆತ್ತುತ್ತಾಳೆ. ಕೈ ಎತ್ತಿದರೆ ಬಳ್ಳಿ ಸುತ್ತಿಕೊಳ್ಳುತ್ತೆ ಅಂತ ನಮ್ಮ ಅತ್ತೆ ಹೇಳ್ತಿದ್ದರು. ನಿಜವಾ?

ಉತ್ತರ: ಅಮ್ಮಾ, ನಿಜ ಅಲ್ಲ. ತಾಯಿಯ ಕೈಗೂ ಬಳ್ಳಿಗೂ ಯಾವ ನಂಟೂ ಇಲ್ಲ. ಸುತ್ತಿಕೊಳ್ಳುವುದು ಮಗು ತಿರುಗುವುದರಿಂದ. ಮಗಳು ಬಟ್ಟೆ ಒಣಹಾಕಲಿ. ತಲೆ ಸುತ್ತದ ಹಾಗೆ, ಸ್ಟೂಲ್ ಹತ್ತದ ಹಾಗೆ ಮಾತ್ರ ನೋಡಿಕೊಳ್ಳಿ.

ಪ್ರಶ್ನೆ (33 ವಾರ): ಮೇಡಂ, ಮಗುವಿನ ಓಟ ಒದೆತ ಲೆಕ್ಕ ಇಡಿ ಅಂತಾರೆ. ಎಷ್ಟು ಅಂದರೆ ಸರಿ? ಕೆಲವರು ದಿನಕ್ಕೆ ಹತ್ತು ಅಂತಾರೆ, ಕೆಲವರು ಗಂಟೆಗೆ ಹತ್ತು ಅಂತಾರೆ. ಒಂಬತ್ತನೇ ತಿಂಗಳಲ್ಲಿ ಜಾಗ ಸಾಲದೆ ಕಡಿಮೆ ಆಗುತ್ತೆ ಅಂತಲೂ ಕೇಳಿದೆ.

ಉತ್ತರ: ಒಂಬತ್ತನೇ ತಿಂಗಳಲ್ಲಿ ಕಡಿಮೆ ಆಗುತ್ತದೆ ಅನ್ನುವ ಮಾತನ್ನು ಇವತ್ತೇ ಮರೆತುಬಿಡಿ. ಒದೆತದ ರೀತಿ ಬದಲಾಗುತ್ತದೆ. ಮೊದಲು ಫಟ್ ಅಂತ ಒದೆಯುತ್ತಿದ್ದ ಮಗು ಈಗ ಹೊರಳುತ್ತದೆ, ನೂಕುತ್ತದೆ, ಹೊಟ್ಟೆ ಒಂದು ಕಡೆ ಗಡ್ಡೆಯ ಹಾಗೆ ಉಬ್ಬುತ್ತದೆ. ಆದರೆ ಓಡಾಟ ನಿಲ್ಲುವುದಿಲ್ಲ. ಹೆರಿಗೆ ದಿನದವರೆಗೂ ಇರಬೇಕು.

28 ವಾರ ದಾಟಿದ ಮೇಲೆ ದಿನದಲ್ಲಿ ಒಂದು ಹೊತ್ತು ನಿಮಗೆ ಅಂತ ಇಟ್ಟುಕೊಳ್ಳಿ. ಮಗು ಸಾಮಾನ್ಯವಾಗಿ ಚುರುಕಾಗಿರುವ ಹೊತ್ತೇ ಆಗಲಿ. ಎಡಕ್ಕೆ ತಿರುಗಿ ಮಲಗಿ, ಫೋನ್ ಪಕ್ಕಕ್ಕಿಟ್ಟು, ಹೊಟ್ಟೆಯ ಮೇಲೆ ಕೈ ಇಡಿ. ಒದೆತ, ಹೊರಳಾಟ, ನೂಕಾಟ ಎಲ್ಲವೂ ಲೆಕ್ಕಕ್ಕೆ. ಬಿಕ್ಕಳಿಕೆ ಲೆಕ್ಕಕ್ಕಿಲ್ಲ. ಎರಡು ಗಂಟೆಯೊಳಗೆ ಹತ್ತು ಆದರೆ ಸಮಾಧಾನ. ಬಹಳ ಮಕ್ಕಳು ಅರ್ಧ ಗಂಟೆಯೊಳಗೇ ಹತ್ತು ಮುಗಿಸುತ್ತವೆ. ಎರಡು ಗಂಟೆ ಆದರೂ ಹತ್ತು ಆಗದಿದ್ದರೆ ಆಸ್ಪತ್ರೆಗೆ ಹೋಗಿ. ನಾಳೆ ಬೆಳಿಗ್ಗೆ ನೋಡೋಣ ಅನ್ನಬೇಡಿ.

ಹತ್ತರ ಲೆಕ್ಕಕ್ಕಿಂತ ದೊಡ್ಡದು ನಿಮ್ಮ ಮಗುವಿನ ರೂಢಿ. ಒಂದು ಮಗು ರಾತ್ರಿ ಹತ್ತಕ್ಕೆ ಏಳುತ್ತದೆ, ಇನ್ನೊಂದು ಬೆಳಗಿನ ಜಾವ. ಹದಿನೈದು ದಿನ ಗಮನಿಸಿದರೆ ನಿಮಗೆ ಅದರ ದಿನಚರಿ ಬಾಯಿಪಾಠ ಆಗುತ್ತದೆ. ಒಬ್ಬ ತಾಯಿ ಒಂದು ರಾತ್ರಿ ಬಂದರು. ಹತ್ತು ಒದೆತ ಆಗಿತ್ತು. ಆದರೂ "ಇದು ನನ್ನ ಮಗುವಿನ ಒದೆತ ಅಲ್ಲ ಮೇಡಂ, ಸೋತ ಹಾಗೆ ಇದೆ" ಅಂದರು. ಮಗುವಿನ ಎದೆಬಡಿತ ಕಾಗದದ ಮೇಲೆ ಬರೆದುಕೊಳ್ಳುವ ಎನ್‌ಎಸ್‌ಟಿ ಪರೀಕ್ಷೆ ಹಾಕಿದೆವು. ಕಾಗದದ ಮೇಲೆ ಗೆರೆ ಏರಿಳಿಯದೆ ಚಪ್ಪಟೆಯಾಗಿ ಹೋಗುತ್ತಿತ್ತು. ಅದೇ ರಾತ್ರಿ ಹೆರಿಗೆ ಮಾಡಿಸಿದೆವು. ಬಳ್ಳಿಯಲ್ಲಿ ನಿಜವಾದ ಒಂದು ಗಂಟು ಇತ್ತು, ಬಿಗಿಯಾಗಿತ್ತು. ಮಗು ಚೆನ್ನಾಗಿದೆ. ಯಾವ ಸ್ಕ್ಯಾನೂ ಹೇಳದ ಮಾತನ್ನು ಆ ತಾಯಿ ಹೇಳಿದ್ದರು.

ಮನೆಯಲ್ಲಿ ಎದೆಬಡಿತ ಕೇಳುವ ಸಣ್ಣ ಮಷೀನ್ ಸಿಗುತ್ತದೆ. ದಯವಿಟ್ಟು ಬೇಡ. ತಾಯಿಯ ನಾಡಿಯನ್ನೇ ಮಗುವಿನದು ಅಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಾರೆ, ಬರುವುದು ತಡ ಆಗುತ್ತದೆ.

ಅದೇ ಸದಸ್ಯೆ: ಎನ್‌ಎಸ್‌ಟಿ ಅಂದಿರಿ. ನನಗೂ ಮುಂದಿನ ವಾರ ಬರೆದಿದ್ದಾರೆ, ಜೊತೆಗೆ ಡಾಪ್ಲರ್. ಎರಡೂ ಯಾಕೆ?

ಉತ್ತರ: ಎರಡೂ ಬೇರೆ ಬೇರೆ ವಿಷಯ ಹೇಳುತ್ತವೆ. ಎನ್‌ಎಸ್‌ಟಿಯಲ್ಲಿ ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿ 20 ನಿಮಿಷ ಮಗುವಿನ ಎದೆಬಡಿತ ಬರೆದುಕೊಳ್ಳುತ್ತೇವೆ. ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕು. ಮಗು ಅಲುಗಿದಾಗ ಬಡಿತ 15ರಷ್ಟಾದರೂ ಏರಿ 15 ಸೆಕೆಂಡ್ ನಿಲ್ಲಬೇಕು. 20 ನಿಮಿಷದಲ್ಲಿ ಎರಡು ಸಲ ಹೀಗೆ ಆದರೆ ಮಗು ಈ ಹೊತ್ತಿಗೆ ಆರಾಮಾಗಿದೆ. ಆಗದಿದ್ದರೆ ಹೆದರಬೇಡಿ, ಮಗು ನಿದ್ದೆಯಲ್ಲಿರಬಹುದು. ಇನ್ನೂ 20 ನಿಮಿಷ ನೋಡುತ್ತೇವೆ.

ಡಾಪ್ಲರ್ ಬಳ್ಳಿಯೊಳಗೆ ರಕ್ತ ಹೇಗೆ ಓಡುತ್ತಿದೆ ಅಂತ ತೋರಿಸುತ್ತದೆ. ಮಗುವಿನ ಹೃದಯ ಬಡಿದಾಗ ರಕ್ತ ಜೋರಾಗಿ ಮಾಸಿನ ಕಡೆಗೆ ಓಡುತ್ತದೆ. ಎರಡು ಬಡಿತದ ನಡುವೆಯೂ ಅದು ಮುಂದಕ್ಕೇ ಓಡುತ್ತಿರಬೇಕು. ಮಾಸು ಚೆನ್ನಾಗಿದ್ದರೆ ತಡೆ ಕಡಿಮೆ, ಓಟ ಸಲೀಸು. ಮಾಸು ಸೋತರೆ ನಡುವಿನ ಓಟ ಕಡಿಮೆಯಾಗುತ್ತದೆ, ಆಮೇಲೆ ನಿಲ್ಲುತ್ತದೆ, ತೀರಾ ಕೆಟ್ಟರೆ ಹಿಂದಕ್ಕೆ ತಿರುಗುತ್ತದೆ. ನಿಂತಿದೆ, ಹಿಂದಕ್ಕೆ ಹೋಗುತ್ತಿದೆ ಅಂತ ರಿಪೋರ್ಟ್ ಬಂದರೆ ಅದೇ ದಿನ ಡಾಕ್ಟರ್ ಮುಂದೆ ಇರಬೇಕು. ಮಗು ಸಣ್ಣದಿದೆ, ತಾಯಿಗೆ ಬಿಪಿ ಇದೆ ಅಂದಾಗ ಈ ಪರೀಕ್ಷೆಗೆ ಬೆಲೆ ಜಾಸ್ತಿ. ಎಲ್ಲ ಸರಿಯಿರುವ ತಾಯಿಗೆ ವಾರ ವಾರ ಡಾಪ್ಲರ್ ಮಾಡಿಸುವುದರಿಂದ ನನಗೆ ಲಾಭ ಕಂಡಿಲ್ಲ.

ಪ್ರಶ್ನೆ: ನಮಸ್ತೆ. ಬಳ್ಳಿಯಲ್ಲಿ ಮೂರರ ಬದಲು ಎರಡೇ ರಕ್ತನಾಳ ಇದೆಯಂತೆ.

ಉತ್ತರ: ಎರಡು ಆರ್ಟರಿ (ಮಗುವಿನಿಂದ ಮಾಸಿನ ಕಡೆಗೆ ರಕ್ತ ಒಯ್ಯುವ ನಾಳ) ಇರಬೇಕಾದಲ್ಲಿ ಒಂದೇ ಇದೆ ಅಂತ ಅರ್ಥ. ನೂರಕ್ಕೆ ಒಬ್ಬರಲ್ಲಿ, ಅಥವಾ ಅದಕ್ಕಿಂತ ಕಡಿಮೆ ಜನರಲ್ಲಿ ಕಾಣುತ್ತದೆ. ಆಗ ಮಗುವಿನ ಹೃದಯ ಮತ್ತು ಕಿಡ್ನಿಯನ್ನು ಇನ್ನೊಮ್ಮೆ ಗಮನ ಕೊಟ್ಟು ನೋಡಬೇಕು. ಬೇರೆ ಏನೂ ಇಲ್ಲದಿದ್ದರೆ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಕೊನೆಯ ಮೂರು ತಿಂಗಳಲ್ಲಿ ಒಂದು ಗ್ರೋತ್ ಸ್ಕ್ಯಾನ್ ಮಾತ್ರ ತಪ್ಪಿಸಬೇಡಿ.

ಪ್ರಶ್ನೆ (37 ವಾರ, ಮಗು ಅಡ್ಡ ಮಲಗಿದೆ): ನೀರು ಒಡೆದರೆ ಬಳ್ಳಿ ಹೊರಗೆ ಬರಬಹುದು ಅಂತ ಡಾಕ್ಟರ್ ಹೇಳಿದರು. ಬಂದರೆ ನಾನು ಏನು ಮಾಡಬೇಕು? ಮನೆಯಲ್ಲಿ ನಾವಿಬ್ಬರೇ.

ಉತ್ತರ: ಇದನ್ನು ಇಬ್ಬರೂ ಓದಿ, ಒಂದು ಸಲ ಮಾಡಿಯೂ ನೋಡಿ. ಮಗುವಿನ ತಲೆ ಕೆಳಗಿದ್ದರೆ ಅದೇ ಬಿರಡೆಯ ಹಾಗೆ ಬಾಯಿ ಮುಚ್ಚಿರುತ್ತದೆ. ಅಡ್ಡ ಮಲಗಿದ್ದರೆ ಕೆಳಗೆ ಖಾಲಿ. ನೀರು ಧಡಕ್ಕನೆ ಹೋದಾಗ ಬಳ್ಳಿ ಅದರ ಜೊತೆ ಜಾರಬಹುದು. ಆಮೇಲೆ ಮಗುವಿನ ಭಾರ ಬಳ್ಳಿಯ ಮೇಲೆ ಬಿದ್ದರೆ ರಕ್ತದ ಓಟ ನಿಲ್ಲುತ್ತದೆ. ಬಳ್ಳಿ ವಿಷಯದಲ್ಲಿ ನಿಮಿಷ ನಿಮಿಷಕ್ಕೂ ಲೆಕ್ಕ ಇರುವುದು ಇಲ್ಲೇ.

ನೀರು ಹೋದ ಮೇಲೆ ಕೆಳಗೆ ಮೆತ್ತಗೆ, ಜಾರುವ ಹಗ್ಗದ ಹಾಗೆ ಏನಾದರೂ ತಾಗಿದರೆ ತಕ್ಷಣ ಮಂಡಿ ಊರಿ, ಎದೆಯನ್ನು ನೆಲಕ್ಕೆ ತಾಗಿಸಿ, ಸೊಂಟ ಮೇಲೆ ಎತ್ತಿ. ಮಗು ಎದೆಯ ಕಡೆ ಸರಿದು ಬಳ್ಳಿಯ ಮೇಲಿನ ಭಾರ ಇಳಿಯುತ್ತದೆ. ನಿಮ್ಮವರು ಆಂಬುಲೆನ್ಸಿಗೆ ಫೋನ್ ಮಾಡಲಿ, ಬಳ್ಳಿ ಹೊರಬಂದಿದೆ ಅಂತ ಸ್ಪಷ್ಟವಾಗಿ ಹೇಳಲಿ. ಬಳ್ಳಿಯನ್ನು ಮುಟ್ಟಬೇಡಿ, ಒಳಗೆ ತಳ್ಳಬೇಡಿ. ಮುಟ್ಟಿದರೆ ನಾಳ ಕುಗ್ಗುತ್ತದೆ. ಗಾಡಿಯಲ್ಲಿ ಕೂರಬೇಡಿ. ಎಡಕ್ಕೆ ಮಲಗಿ, ಸೊಂಟದ ಕೆಳಗೆ ದಿಂಬು ಇಟ್ಟುಕೊಂಡು ಹೋಗಿ. ಏನೂ ತಿನ್ನಬೇಡಿ, ಏನನ್ನೂ ಕುಡಿಯಬೇಡಿ, ತಲುಪಿದ ಕೂಡಲೇ ಆಪರೇಷನ್ ಆಗಬೇಕಾಗುತ್ತದೆ. ಇಷ್ಟು ಹೇಳಿದ ಮೇಲೆ ನನ್ನದೊಂದು ಸಲಹೆ. 37 ವಾರ ಆಗಿದೆ, ಮಗು ಇನ್ನೂ ಅಡ್ಡ ಇದೆ. ಆಸ್ಪತ್ರೆಯಲ್ಲೇ ಇದ್ದು ಕಾಯಬಹುದಾ ಅಂತ ನಿಮ್ಮ ಡಾಕ್ಟರನ್ನು ನಾಳೆ ಕೇಳಿ.

ಮೊದಲ ಪ್ರಶ್ನೆ ಕೇಳಿದ್ದ ಸದಸ್ಯೆ (ಈಗ 32 ವಾರ): ಮೇಡಂ, ನೆನಪಿದೆಯಾ? ಮಾರ್ಜಿನಲ್ ಅಂದಿದ್ದು ನಾನೇ. ನೀವು ಹೇಳಿದ ಎರಡು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಒಳಗಿನಿಂದ ಸ್ಕ್ಯಾನ್ ಮಾಡಿದರು. ಬಾಯಿಯ ಹತ್ತಿರ ಯಾವ ನಾಳವೂ ಇಲ್ಲ ಅಂತ ಬರೆದುಕೊಟ್ಟರು. ಮಗುವಿನ ತೂಕವೂ ವಾರಕ್ಕೆ ತಕ್ಕಂತೆ ಇದೆ. ಇನ್ನು ಹೆರಿಗೆ ಹೊತ್ತಿಗೆ ಹೇಳಬೇಕಾದ್ದು ಏನಾದರೂ ಇದೆಯಾ?

ಉತ್ತರ: ನೆನಪಿದೆಯಮ್ಮಾ. ತುಂಬಾ ಸಂತೋಷ ಆಯಿತು. ಹೌದು, ಒಂದು ಇದೆ, ಬಹಳ ಜನ ಮರೆಯುತ್ತಾರೆ. ಮಗು ಹುಟ್ಟಿದ ಮೇಲೆ ಮಾಸು ಬರಲಿ ಅಂತ ಬಳ್ಳಿಯನ್ನು ಹಿಡಿದು ಹದವಾಗಿ ಎಳೆಯುತ್ತೇವೆ. ಅಂಚಿನಲ್ಲೋ ಪೊರೆಯ ಮೇಲೋ ಸೇರಿರುವ ಬಳ್ಳಿ ಆ ಎಳೆತಕ್ಕೆ ಕಿತ್ತು ಬರಬಹುದು. ನೀವು ಮೊದಲ ದಿನ ಕೇಳಿದ "ಕಿತ್ತುಕೊಂಡು ಬರುತ್ತಾ?" ಅನ್ನುವ ಪ್ರಶ್ನೆಗೆ ಅರ್ಥ ಇರುವುದು ಇಲ್ಲಿ. ಮಗು ಅಷ್ಟೊತ್ತಿಗೆ ಹೊರಗೆ ಬಂದಿರುವುದರಿಂದ ಮಗುವಿಗೆ ಏನೂ ಆಗುವುದಿಲ್ಲ. ಆದರೆ ಮಾಸು ಒಳಗೇ ಉಳಿದು ಕೈ ಹಾಕಿ ತೆಗೆಯಬೇಕಾದರೆ ನಿಮಗೆ ರಕ್ತ ಜಾಸ್ತಿ ಹೋಗುತ್ತದೆ. ಹೆರಿಗೆ ಕೋಣೆಗೆ ಹೋದ ಕೂಡಲೇ ನರ್ಸಿಗೂ ಡಾಕ್ಟರಿಗೂ "ಬಳ್ಳಿ ಅಂಚಿನಲ್ಲಿದೆ, ಮಾಸು ತಾನಾಗಿ ಬಿಡಲಿ, ಮೆಲ್ಲಗೆ ತೆಗೆಯಿರಿ" ಅಂತ ಹೇಳಿ. ಫೈಲಿನ ಮೇಲ್ಪುಟದಲ್ಲೂ ಕೆಂಪು ಪೆನ್ನಿನಲ್ಲಿ ಬರೆಸಿ. ಎಲ್ಲ ಮುಗಿದ ಮೇಲೆ ಮಾಸನ್ನು ಒಮ್ಮೆ ತೋರಿಸಿ ಅಂತ ಕೇಳಿ ನೋಡಿ, ತೋರಿಸುತ್ತಾರೆ. ಬಳ್ಳಿ ಸೇರಿರುವ ಆ ಅಂಚನ್ನು ನೀವೇ ಕಣ್ಣಾರೆ ನೋಡಿ ಬಂದು ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.